ಒಂದೇ ತೂತಿನ ಗುರಿ

ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಪೀಣ್ಯದ ಠಾಣೆಗೆ ಮೊದಲು ಬಂದದ್ದು ಆಸ್ಪತ್ರೆಯ ಮೆಮೊ. ಅದರ ಬೆನ್ನಿಗೇ ರುಕ್ಮವ್ವ ಬಂದಳು. ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವಳು. ಸೆರಗಿನ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು.

"ಯಾರೋ ಕಲ್ಲು ಒಗದಾರ್ರೀ. ನನ್ನ ಮಗಳ ಕಣ್ಣು ಹೋತು."

"ಯಾವಾಗ?" ಎಂದು ಕೇಳಿದವರು ಸಬ್ ಇನ್‌ಸ್ಪೆಕ್ಟರ್ ವನಜಾ.

"ನಿನ್ನಿ ಸಂಜಿಮುಂದ. ಬಚ್ಚಲದಾಗ ಬಗ್ಗಿ ಮುಖ ತೊಳಕೊಳ್ಳಾಕತ್ತಿದ್ಳು."

"ನೋಡಿದೋರು ಯಾರಿದ್ರು?"

"ಯಾರೂ ಇಲ್ರೀ. ಐತಾರ, ಎಲ್ಲಾರೂ ಸಂತಿಗೆ ಹೋಗಿದ್ರು."

ಅದು ಕಲ್ಲಾಗಿರಲಿಲ್ಲ. ಹತ್ತೊಂಬತ್ತು ವರ್ಷದ ಮಹಾನಂದಾಳ ಎಡಗಣ್ಣಿನಿಂದ ಏರ್‌ಗನ್ನಿನ ಸೀಸದ ಗುಂಡನ್ನು ತೆಗೆಯಲಾಗಿದೆ, ಆ ಕಣ್ಣಿಗೆ ದೃಷ್ಟಿ ಮರಳುವುದಿಲ್ಲ ಎಂದು ಮೆಮೊದಲ್ಲಿತ್ತು. ವನಜಾ ಅಪರಿಚಿತ ವ್ಯಕ್ತಿಯ ವಿರುದ್ಧ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಸಿದ್ದರಾಜು ಅವರನ್ನು ಕರೆದುಕೊಂಡು ಪಂಚನಾಮೆಗೆ ಹೊರಟರು.

ಕಟ್ಟುತ್ತಿರುವ ಗೋದಾಮಿನ ಮಗ್ಗುಲಲ್ಲಿ ಕೂಲಿಯವರ ತಗಡಿನ ಶೆಡ್ಡುಗಳಿದ್ದವು. ಕೊನೆಯಲ್ಲಿ ಬಚ್ಚಲು. ಬಚ್ಚಲೆಂದರೆ ದೊಡ್ಡ ಮಾತಾಯಿತು. ಸೆಂಟ್ರಿಂಗ್‌ಗೆ ಬಳಸಿ ಬಿಸಾಡಿದ ಹಳೆಯ ಪ್ಲೈವುಡ್ ಹಲಗೆಗಳನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿದ್ದರು, ಅಷ್ಟೇ. ಹಿಂದೆ ಒಂದು ಖಾಲಿ ಸೈಟು. ಆ ಕಡೆಯಿಂದ ನೋಡಿದರೆ ಹಲಗೆಗಳ ಹಿಂದೆ ಮನುಷ್ಯರು ಮೈ ತೊಳೆಯುತ್ತಾರೆಂದು ದೇವರಾಣೆಗೂ ಗೊತ್ತಾಗುತ್ತಿರಲಿಲ್ಲ. ಯಾವನೋ ಮೇಸ್ತ್ರಿ ಸಾಮಾನು ಜೋಡಿಸಿಟ್ಟು ಹೋದ ಹಾಗೆ ಕಾಣುತ್ತಿತ್ತು.

ಹಲಗೆಯ ಹೊರಮೈಯಲ್ಲಿ ಸಾಲಾಗಿ ನಾಲ್ಕು ಕಡೆ ಕಾಗದ ಅಂಟಿಸಿ ಹರಿದ ಗುರುತಿತ್ತು. ಮೂರು ಕಡೆ ಗುಂಡುಗಳು ಅಲ್ಲೊಂದು ಇಲ್ಲೊಂದು ಚದುರಿ ಮರದಲ್ಲೇ ಹೂತಿದ್ದವು. ನಾಲ್ಕನೆಯದರಲ್ಲಿ ಒಂದೇ ತೂತು.

"ಪುಂಡು ಹುಡುಗ್ರು ಮೇಡಂ. ಪಾರಿವಾಳ ಹೊಡೆಯೋರು," ಎಂದರು ಸಿದ್ದರಾಜು.

"ಪಾರಿವಾಳ ಹೊಡೆಯೋರು ಕಾಗದ ಅಂಟಿಸ್ತಾರೇನ್ರೀ?"

ವನಜಾ ಚಾಕುವಿನಿಂದ ಗುಂಡುಗಳನ್ನು ಕೆದಕಿ ತೆಗೆದರು. ಒಂದೊಂದು ಕಾಗದದ ಜಾಗದಲ್ಲಿ ಒಂದೊಂದು ಬಗೆಯ ಗುಂಡು. ಹತ್ತು ಮೀಟರು ದೂರದಲ್ಲಿ ತುಕ್ಕು ಹಿಡಿದ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕ್ಲ್ಯಾಂಪ್ ಕಚ್ಚಿದ ಹೊಸ ಗಾಯವಿತ್ತು. ಯಾರೋ ಗನ್ನನ್ನು ಅಲ್ಲಿ ಬಿಗಿದು ಕೂರಿಸಿ, ಕೈ ಅಲುಗುವ ಮಾತೇ ಇಲ್ಲದಂತೆ, ಯಾವ ಗುಂಡು ಒಂದೇ ಕಡೆ ಬೀಳುತ್ತದೆಂದು ಪರೀಕ್ಷೆ ಮಾಡಿದ್ದರು. ನಾಲ್ಕನೆಯ ಬಗೆ ಆ ಗನ್ನಿಗೆ ಒಗ್ಗಿತ್ತು. ಒಂದರ ಬೆನ್ನಿಗೆ ಒಂದು ಅದೇ ಜಾಗಕ್ಕೆ ಬಿದ್ದು, ಮಳೆಗೆ ನೆನೆದ ಹಲಗೆಯನ್ನು ಕೊರೆಯುತ್ತಾ ಹೋಗಿ, ಕೊನೆಯ ಗುಂಡು ಆಚೆ ದಾಟಿತ್ತು. ಗುರಿ ಒಂದು ಕೂದಲೆಳೆ ತಪ್ಪಿದ್ದರೆ ಆ ಹುಡುಗಿಯ ಕಣ್ಣು ಉಳಿಯುತ್ತಿತ್ತು. ಇಪ್ಪತ್ತು ವರ್ಷದ ನೌಕರಿಯಲ್ಲಿ ವನಜಾ ಇಂಥ ಕೆಟ್ಟ ಅದೃಷ್ಟವನ್ನು ಕಂಡಿರಲಿಲ್ಲ.

ತನಿಖೆಯೆಂದರೆ ಮುಕ್ಕಾಲು ಪಾಲು ಚಪ್ಪಲಿ ಸವೆಸುವುದು. ಮಂಗಳವಾರ, ಬುಧವಾರ ಸಿದ್ದರಾಜು ಊರಿನ ಗನ್ ಅಂಗಡಿಗಳನ್ನೆಲ್ಲ ಸುತ್ತಿದರು. ಕೊನೆಗೆ ಪೇಟೆಯ ಒಂದು ಅಂಗಡಿಯ ಮಾಲೀಕ ಹರ್ಷವರ್ಧನ್ ಗುಂಡುಗಳನ್ನು ಅಂಗೈಯಲ್ಲಿ ಹರಡಿಕೊಂಡು, ಗುರುತು ಹಿಡಿದು ತಲೆಯಾಡಿಸಿದ. ವನಜಾ ತಾವೇ ಅಲ್ಲಿಗೆ ಹೋದರು.

"ಈ ನಾಲ್ಕೂ ಒಟ್ಟಿಗೆ ತಗೊಂಡೋರು ಒಬ್ರೇ ಮೇಡಂ. ಒಬ್ರು ಹೆಂಗಸು. ಕೈಲಿ ಊಟದ ಬ್ಯಾಗಿತ್ತು."

"ಏನು ಕೇಳಿದ್ರು?"

"ಫಾರಿನ್ ಗುಂಡಿನ ಡಬ್ಬಿ ತಗೊಳ್ಳಿ, ಯೋಚ್ನೆನೇ ಇರಲ್ಲ ಅಂದೆ. ಅಷ್ಟು ನಮ್ ಕೈಲಾಗಲ್ಲ, ಅಗ್ಗದ್ರಲ್ಲೇ ನಾಲ್ಕು ಥರದ್ದು ಹತ್ತತ್ತು ಬಿಡಿ ಕೊಡಿ, ನಮ್ ಗನ್ನಿಗೆ ಯಾವುದು ಕೂರುತ್ತೋ ನೋಡ್ತೀನಿ ಅಂದ್ರು. ಕಾಸಿಗೆ ತಕ್ಕ ಕಜ್ಜಾಯ ಅಂತ ನಾನೂ ಕೊಟ್ಟೆ."

"ಹೆಸರು?"

"ಕೇಳಿಲ್ಲ. ಕ್ಯಾಮೆರಾನೂ ಕೆಟ್ಟಿತ್ತು. ಆದ್ರೆ ಸೋಮವಾರ ಮತ್ತೆ ಬಂದ್ರು. ಇದೇ ನಾಲ್ಕನೇ ಥರದ್ದು ಒಂದು ಡಬ್ಬಿ ತಗೊಂಡ್ರು. 'ಕೂತ್ಕೊಳ್ತಾ ಅಕ್ಕ?' ಅಂದೆ. ಹೂಂ ಅಂದ್ರು. ಮುಖ ಎತ್ತಲಿಲ್ಲ."

ಸೋಮವಾರ. ಭಾನುವಾರ ಒಂದು ಹುಡುಗಿಯ ಕಣ್ಣು ಕಿತ್ತು, ಸೋಮವಾರ ಹೋಗಿ ಡಬ್ಬಿ ಕೊಂಡವಳು. ವನಜಾಗೆ ಮೈ ಉರಿಯಿತು. ಇವಳದೇನು ಹೆತ್ತ ಕರುಳೋ ಕಲ್ಲೋ ಎಂದು ಜೀಪಿನಲ್ಲಿ ಗೊಣಗಿದರು.

ಗುರುವಾರ ವೈದ್ಯರು ಹೇಳಿಕೆ ಪಡೆಯಲು ಒಪ್ಪಿದರು. ಮಹಾನಂದಾ ಹಾಸಿಗೆಯಲ್ಲಿ ಎದ್ದು ಕುಳಿತಿದ್ದಳು. ಅರ್ಧ ಮುಖಕ್ಕೆ ಪಟ್ಟಿ.

"ಏನಾದ್ರೂ ಸದ್ದು ಕೇಳಿಸ್ತಾ?"

"ಟಪ್, ಟಪ್ ಅಂದಂಗಾತ್ರಿ. ಏನದು ಅಂತ ಹಲಗಿ ಕಡಿ ಮುಖ ತಿರುವಿದೆ."

"ಆಮೇಲೆ?"

"ಒದರಿಕೊಂಡೆ. ಅವ್ವ ಬಂದ್ಲು. ರಸ್ತಾದಾಗಿಂದ ಒಬ್ಬಾಕಿ ಅಕ್ಕ ಓಡಿ ಬಂದು ಆಟೋ ಹಿಡಿದ್ಲು. ಭಾಳ ಚಲೋ ಅಕ್ಕ. ದಿನಾ ಸಂಜಿಗೆ ಊಟ ತರ್ತಾಳ."

ವನಜಾ ಪೆನ್ನು ನಿಲ್ಲಿಸಿದರು. "ಏನು ಮಾತಾಡ್ತಾಳೆ?"

"ನಾ ಅತ್ತರ ಸಮಾಧಾನ ಮಾಡ್ತಾಳ್ರಿ. ಒಂದು ಕಣ್ಣಿದ್ರ ಸಾಕವ್ವ, ನನ್ನ ಮಗಳು ಒಂದು ಕಣ್ಣು ಮುಚ್ಕೊಂಡೇ ಗುರಿ ಹೊಡಿತಾಳ, ನಿನಗೂ ಎಲ್ಲಾ ಕಾಣತೈತಿ ಅಂತಾಳ."

ರುಕ್ಮವ್ವ ಹೌದೆನ್ನುವಂತೆ ತಲೆಯಾಡಿಸಿದಳು. ಆ ತಾಯಿಗೂ ಮಗಳಿಗೂ ಊರಲ್ಲಿ ಸಿಕ್ಕ ಒಂದೇ ಆಸರೆ ಅದು. ವನಜಾ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಯುತ್ತಾ ಕುಳಿತರು.

ಸಂಜೆ ಆರೂಕಾಲಿಗೆ ಊಟದ ಬ್ಯಾಗು ಹಿಡಿದು ಬಂದವಳ ಹೆಸರು ಕೃಷ್ಣಮ್ಮ. ಪೀಣ್ಯದ ಒಂದು ವಾಲ್ವ್ ಕಾರ್ಖಾನೆಯಲ್ಲಿ ಮಾಲು ಪರೀಕ್ಷಿಸುವ ಕೆಲಸ. ಖಾಕಿ ಕಂಡ ಕೂಡಲೇ ಅವಳ ಹೆಜ್ಜೆ ನಿಂತಿತು.

"ನಿಮ್ಮ ಮಗಳು ಏನು ಮಾಡ್ತಾಳೆ?"

"ಭಾಗ್ಯಶ್ರೀ ಅಂತ. ಪಿಯುಸಿ. ಶೂಟಿಂಗ್ ಆಡ್ತಾಳೆ ಮೇಡಂ."

"ಭಾನುವಾರ ಗನ್ ಯಾರ ಕೈಲಿತ್ತು?"

"ನನ್ ಕೈಲಿ. ಅವಳು ಮನೇಲಿರಲಿಲ್ಲ. ಅವಳಿಗೆ ಗೊತ್ತೂ ಇಲ್ಲ."

"ನೀವ್ಯಾಕೆ ಹೊಡೆದ್ರಿ?"

ಕೃಷ್ಣಮ್ಮ ಬೆಂಚಿನ ತುದಿಯಲ್ಲಿ ಕುಳಿತಳು. "ಬರೋ ಭಾನುವಾರ ಸ್ಟೇಟ್ ಟೀಮ್ ಸೆಲೆಕ್ಷನ್ನು. ಒಂದೊಂದು ಗನ್ನಿಗೆ ಒಂದೊಂದು ಗುಂಡು ಒಗ್ಗುತ್ತೆ, ಟೆಸ್ಟ್ ಮಾಡಿ ತಗೊಳ್ಳಿ ಅಂದಿದ್ರು ಕೋಚು. ಕಂಪ್ನೀಲಿ ನಾನು ಮಾಡೋದೂ ಅದೇ ತಾನೆ? ಅನ್ನ ಬೆಂದಿದ್ಯಾ ಅಂತ ಒಂದು ಅಗುಳು ಹಿಸುಕಿ ನೋಡಿದ್ರೆ ಸಾಕು. ಅವಳು ಓದ್ಕೊಳ್ಲಿ, ಇದನ್ನ ನಾನೇ ನೋಡ್ತೀನಿ ಅಂತ ಹೋದೆ. ಸೆಂಟ್ರಿಂಗ್ ಹಲಗೆ ಪೇರಿಸಿಟ್ಟವ್ರೆ ಅಂದ್ಕೊಂಡೆ ಮೇಡಂ. ಐದೂ ಒಂದೇ ತೂತಿಗೆ ಬಿದ್ದಾಗ..." ಊಟದ ಬ್ಯಾಗನ್ನು ನೆಲಕ್ಕಿಟ್ಟಳು. "ಖುಷಿಗೆ ಕೈ ಮುಗಿದೆ. ಅಷ್ಟ್ರಲ್ಲಿ ಚೀರಿದ್ದು ಕೇಳಿಸ್ತು."

"ಸೋಮವಾರ ಡಬ್ಬಿ ತಂದ್ರಲ್ಲ?"

ಅವಳು ವಾರ್ಡಿನ ಬಾಗಿಲ ಕಡೆ ನೋಡಿದಳು.

"ಆ ಮಗು ಕಣ್ಣು ನಾನು ತಂದ್ಕೊಡೋಕಾಗಲ್ಲ. ನನ್ ಮಗಳ ಬದುಕಾದ್ರೂ ದಾರಿಗೆ ಬರ್ಲಿ ಅಂತ ತಂದೆ. ಭಾನುವಾರ ಕಳೀಲಿ, ಸೋಮವಾರ ನಾನೇ ನಿಮ್ ಸ್ಟೇಷನ್ನಿಗೆ ಬರೋಳಿದ್ದೆ. ನಂಬ್ತೀರೋ ಬಿಡ್ತೀರೋ."

ವನಜಾ ನಂಬಿದರು. ಜೀಪಿನಲ್ಲಿ ತಾವು ಗೊಣಗಿದ ಮಾತು ನೆನಪಾಯಿತು. ಆದರೆ ನಂಬಿಕೆಗೆ ಕಾನೂನಿನಲ್ಲಿ ಕಲಮಿಲ್ಲ. ಆ ರಾತ್ರಿಯೇ ಕೃಷ್ಣಮ್ಮನ ಬಂಧನವಾಯಿತು. ಜಾಮೀನು ಸಿಗುವ ಅಪರಾಧ, ಅವಳು ಮನೆಗೆ ಮರಳಬಹುದು. ಗನ್ನು ಮರಳುವಂತಿರಲಿಲ್ಲ. ಅದು ಪ್ರಕರಣದ ಮುದ್ದೆಮಾಲು, ಸಾಕ್ಷಿಯಾಗಿ ಕೋರ್ಟಿಗೆ ಹೋಗಬೇಕಾದದ್ದು. ಜಪ್ತಿ ಪಂಚನಾಮೆಗೆ ಮನೆಗೆ ಹೋದಾಗ ಭಾಗ್ಯಶ್ರೀ ಗನ್ನನ್ನು ಬಟ್ಟೆಯಿಂದ ಒರೆಸಿ ತಾನೇ ತಂದುಕೊಟ್ಟಳು. ಸೀಲು ಒಡೆಯದ ಗುಂಡಿನ ಡಬ್ಬಿಯನ್ನೂ ಕೊಟ್ಟಳು. ಅಮ್ಮನ ಮುಖ ನೋಡಲಿಲ್ಲ.

"ಬೇರೆ ಯಾರದಾದ್ರೂ ಗನ್ ಸಿಗುತ್ತೇನಮ್ಮ?" ಎಂದು ಸಿದ್ದರಾಜು ಮೆಲ್ಲಗೆ ಕೇಳಿದರು.

"ಬೇರೇದ್ರಲ್ಲಿ ಆಗಲ್ಲ ಸಾರ್. ಬೇಡ ಬಿಡಿ," ಎಂದಳು.

ಭಾನುವಾರ ವನಜಾ ಮರುಹೇಳಿಕೆಗೆಂದು ಆಸ್ಪತ್ರೆಗೆ ಹೋದರು. ಇರುವುದನ್ನೆಲ್ಲ ಇದ್ದ ಹಾಗೆ ಹೇಳಿದರು. ರುಕ್ಮವ್ವ ಹಣೆ ಬಡಿದುಕೊಂಡು, ಆಕಿ ತಂದ ಅನ್ನ ತಿಂದೆವಲ್ಲ ಎಂದು ಅತ್ತಳು. ಮಹಾನಂದಾ ಅಳಲಿಲ್ಲ. ಉಳಿದ ಕಣ್ಣಿನಿಂದ ಕಿಟಕಿಯ ಕಡೆ ನೋಡುತ್ತಿದ್ದಳು.

"ಇವತ್ತಲ್ಲೇನ್ರಿ, ಆಕಿ ಮಗಳ ಆಟ?"

"ಹೌದು."

"ಹೋದಳೇನ್ರಿ?"

"ಇಲ್ಲಮ್ಮ."

"ಹಂಗಾರ ನನ್ನ ಕಣ್ಣು ಸುಮ್ಮನ ಹೋತು," ಎಂದಳು ಮಹಾನಂದಾ.

ಹೇಳಿಕೆಯಲ್ಲಿ ಆ ಮಾತನ್ನು ಎಲ್ಲಿ ಬರೆಯಬೇಕೆಂದು ವನಜಾಗೆ ತಿಳಿಯಲಿಲ್ಲ.