ಚಿತ್ತಮ್ಮನ ಬಲಗಣ್ಣು

ನಾಗಾರ್ಜುನ ಮೊದಲ ಸಲ ನೋಡಿದಾಗ ನನ್ನನ್ನು ನರ್ಸ್ ಅಂದುಕೊಂಡಿದ್ದ. ಮೊಳಕಾಲ್ಮೂರಿನ ನೇಕಾರರ ಬೀದಿಯ ಸಮುದಾಯ ಭವನದಲ್ಲಿ ಕಣ್ಣಿನ ಕ್ಯಾಂಪು. ನಾನು ಪ್ಲಗ್ ಹುಡುಕುತ್ತ ಮೇಜಿನ ಕೆಳಗೆ ತೂರಿದ್ದೆ. ಮೇಲಿನಿಂದ ಒಂದು ದನಿ, ಸಿಸ್ಟರ್, ಅಮ್ಮನಿಗೆ ಡ್ರಾಪ್ಸ್ ಹಾಕ್ತೀರಾ ಅಂತ ಕೇಳಿತು. ನಾನು ಸಿಸ್ಟರ್ ಅಲ್ಲ, ಇಂಜಿನಿಯರ್ ಅಂತ ಅಲ್ಲಿಂದಲೇ ಗದರಿದೆ. ಏಳುವ ರಭಸಕ್ಕೆ ಮೇಜಿಗೆ ಹಣೆ ಬಡಿಯಿತು.

ಅವನು ನಗು ತಡೆಯಲು ಕೆಳತುಟಿ ಕಚ್ಚಿಕೊಂಡ. ಆ ತುಟಿಯನ್ನು ನಾನು ನೋಡಬಾರದಿತ್ತು. ನೋಡಿದೆ, ಅದೂ ಸಾಕಷ್ಟು ಹೊತ್ತು. ಅದು ಅವನಿಗೂ ಗೊತ್ತಾಯಿತು.

ನನ್ನ ಕೆಲಸ ಹೇಳಿಬಿಡುತ್ತೇನೆ. ಚಳ್ಳಕೆರೆಯಲ್ಲಿ ನಮ್ಮದು ಮೂರು ರೂಮಿನ ಕಂಪನಿ. ಬೆಳಕಿನಿಂದ ಕಣ್ಣಿನ ಒಳಪದರಗಳನ್ನು ಸ್ಕ್ಯಾನ್ ಮಾಡುವ ಯಂತ್ರ ತಯಾರಿಸುತ್ತೇವೆ. ಸೆಕೆಂಡಿಗೆ ಲಕ್ಷ ಗೆರೆ ಓದುತ್ತದೆ. ಅಷ್ಟು ವೇಗಕ್ಕೆ ಚಿತ್ರ ಮರಳು ಚೆಲ್ಲಿದ ಹಾಗೆ ಬರುತ್ತದೆ. ಅದನ್ನು ತಿಳಿ ಮಾಡುವ ಸಾಫ್ಟ್‌ವೇರ್ ನನ್ನದು. ಒಂದೇ ಜಾಗವನ್ನು ಹತ್ತು ಸಲ ತೆಗೆದು ಒಂದು ಮಾಡುತ್ತದೆ. ಕಣ್ಣು ಅಲುಗಿ ಕೆಟ್ಟ ಭಾಗವನ್ನು ಎಸೆದು ಅಕ್ಕಪಕ್ಕದ್ದರಿಂದ ತುಂಬುತ್ತದೆ. ಅದರ ಬಗ್ಗೆ ನನಗೆ ಬಲು ಜಂಬವಿತ್ತು.

ನಾಗಾರ್ಜುನನ ಅಮ್ಮ ಚಿತ್ತಮ್ಮ ಗದ್ದ ಊರಿ ಕೂತರು. ಯಂತ್ರದೊಳಗೆ ತೆಳ್ಳನೆಯ ಕೆಂಪು ಗೆರೆಯೊಂದು ಸರಿದಾಡುತ್ತದೆ. ಅದನ್ನು ಬಿಟ್ಟು ಹಸಿರು ಚುಕ್ಕಿಯನ್ನು ನೋಡಬೇಕು. ನಲವತ್ತು ವರ್ಷ ಮಗ್ಗದಲ್ಲಿ ಲಾಳಿಯ ಹಿಂದೆ ಓಡಿದ ಕಣ್ಣು ಕೇಳಬೇಕಲ್ಲ, ಗೆರೆ ಹೋದ ಕಡೆಗೆಲ್ಲ ಹೋಯಿತು. ಚುಕ್ಕಿ ನೋಡ್ರಿ ಅಂತ ಐದು ಸಲ ಹೇಳಿದೆ. ಹೊರಗೆ ಸಾಲು ಬೆಳೆದಿತ್ತು. ಇರಲಿ ಬಿಡಿ, ಸಾಫ್ಟ್‌ವೇರ್ ಸರಿ ಮಾಡುತ್ತೆ ಅಂದೆ. ಅವರ ಬಲಗಣ್ಣಿನ ಚಿತ್ರ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಬಂತು. ಅದನ್ನು ನೋಡಿ ಡಾಕ್ಟರು ನಾರ್ಮಲ್ ಅಂತ ಬರೆದರು.

ಆಮೇಲೆ ರಿಪೋರ್ಟಿನ ನೆಪದಲ್ಲಿ ಅವನ ಫೋನು ಶುರುವಾಯಿತು. ಇವತ್ತು ಯಾವ ಮೇಜಿನ ಕೆಳಗಿದೀರಿ ಮೇಡಂ, ಅನ್ನುವುದೇ ಅವನ ನಮಸ್ಕಾರ. ರೇಷ್ಮೆ ತರುವ ನೆಪದಲ್ಲಿ ಚಳ್ಳಕೆರೆಗೆ ಬರುತ್ತಿದ್ದ. ಇಲ್ಲಿ ರೇಷ್ಮೆ ಎಲ್ಲಿ ಸಿಗುತ್ತೆ ಅಂತ ಕೇಳಿದರೆ ಮೆಣಸಿನಕಾಯಿ ಬಜ್ಜಿ ಕಚ್ಚಿ ಆಕಾಶ ನೋಡುತ್ತಿದ್ದ. ತಿಂಗಳೆರಡರಲ್ಲಿ ಮೇಡಂ ಹೋಗಿ ರಶ್ಮಿತಾ ಆದೆ, ಆಮೇಲೆ ಬರೀ ರಶ್ಮಿ. ನಮ್ಮೂರು ನನ್ನಿವಾಳದಲ್ಲಿ ಅವ್ವ, ತೆಲುಗು ಮಾತಾಡೋ ಮನೆ ಅಂತ ಎರಡು ದಿನ ಮುಖ ಊದಿಸಿಕೊಂಡು, ಮೂರನೆಯ ದಿನ ಅವರು ಎಂಥ ಸಾರು ಮಾಡ್ತಾರೆ ಅಂತ ವಿಚಾರಿಸಿದಳು. ಚಿತ್ತಮ್ಮ ನನ್ನ ಧಾರೆ ಸೀರೆಗೆ ಬಣ್ಣ ಆರಿಸತೊಡಗಿದರು. ಅಷ್ಟು ಸುಖ ನನಗೆ ಅಭ್ಯಾಸವಿರಲಿಲ್ಲ.

ಕ್ಯಾಂಪಾಗಿ ಆರು ತಿಂಗಳಾಗಿತ್ತು. ಒಂದು ಭಾನುವಾರ ಅವರ ಮನೆಯಲ್ಲಿದ್ದೆ. ಮಗ್ಗದಲ್ಲಿ ಕೂತ ಚಿತ್ತಮ್ಮ ಸೀರೆ ಮೇಲಿನ ಹೂವಿನ ಬುಟ್ಟಾ ಸರಿಯಾಗಿದೆಯಾ ನೋಡು ಅಂತ ನನ್ನನ್ನು ಕರೆದರು.

"ಬಲಗಣ್ಣಾಗೆ ಎಳೆ ನಡುವೆ ಸೊಟ್ಟ ಕಾಣ್ತೈತಮ್ಮಾಯಿ. ವಯಸ್ಸಾಯ್ತು. ನೀನೇ ಫೋಟೋ ತೆಗೆದು ನಾರ್ಮಲ್ ಅಂದಿದ್ದೀಯಲ್ಲ, ಭಯ ಇಲ್ಲ."

ಸೋಮವಾರ ಬೆಳಿಗ್ಗೆ ಆಫೀಸಿಗೆ ಹೋದವಳೇ ಮೂಲ ಚಿತ್ರಗಳನ್ನು ತೆಗೆದೆ. ಹತ್ತರಲ್ಲಿ ಏಳು ಕೆಟ್ಟಿದ್ದವು. ಉಳಿದ ಮೂರರಲ್ಲಿ, ಪದರದ ನಡುಮಧ್ಯೆ, ಸಣ್ಣ ತೂತು. ಅದನ್ನೂ ಕಣ್ಣು ಅಲುಗಿದ ಕಸ ಅಂದುಕೊಂಡು ನನ್ನ ಸಾಫ್ಟ್‌ವೇರ್ ನೀಟಾಗಿ ತುಂಬಿಬಿಟ್ಟಿತ್ತು.

ತಕ್ಷಣ ಫೋನ್ ಮಾಡಬೇಕಿತ್ತು. ಇಂಥ ತೂತಿಗೆ ಬೇಗ ಆಪರೇಷನ್ ಆದಷ್ಟೂ ಒಳ್ಳೆಯದು ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಇನ್ನೊಮ್ಮೆ ಪರೀಕ್ಷಿಸಿ ಹೇಳೋಣ ಅಂದುಕೊಂಡೆ. ನಾಳೆ ಅಂದುಕೊಂಡೆ. ಅವನ ಫೋನ್ ಬಂದರೆ ನಗುತ್ತ ಮಾತಾಡಿದೆ. ಥೂ, ಎಂಥ ನಗು ಅದು. ಹೇಳಿದರೆ ಅವನು ಹೋಗಿಬಿಡುತ್ತಾನೆ ಅನ್ನುವ ಒಂದೇ ಭಯಕ್ಕೆ ಆ ತಾಯಿಯ ಕಣ್ಣನ್ನು ಒಂಬತ್ತು ದಿನ ಕಾಯಿಸಿದೆ. ಮೊದಲಿನ ತಪ್ಪನ್ನು ಯಂತ್ರದ ಮೇಲೆ ಹೊರಿಸಬಹುದು. ಆ ಒಂಬತ್ತು ದಿನ ಪೂರ್ತಿ ನನ್ನವು.

ಹತ್ತನೆಯ ದಿನ ಮೊಳಕಾಲ್ಮೂರಿಗೆ ಹೋಗಿ, ಅವನನ್ನು ಹೊರಗೆ ಕರೆದು, ಲ್ಯಾಪ್‌ಟಾಪ್ ತೆರೆದು ತೋರಿಸಿದೆ. ಇಂದೇ ದಾವಣಗೆರೆಗೆ ಕರಕೊಂಡು ಹೋಗು, ಡಾಕ್ಟರ ಹತ್ತಿರ ಮಾತಾಡಿದ್ದೇನೆ ಅಂದೆ. ಅವನು ಚಿತ್ರವನ್ನೇ ನೋಡುತ್ತಿದ್ದ.

"ಯಾವತ್ತು ಗೊತ್ತಾಯ್ತು ನಿಂಗೆ?"

ನಿನ್ನೆ ಅನ್ನಬಹುದಿತ್ತು. ನಾಲಿಗೆ ತುದಿಗೆ ಬಂದೂ ಇತ್ತು.

"ಒಂಬತ್ತು ದಿನ ಆಯ್ತು."

"ಈ ಒಂಬತ್ತು ದಿನದಾಗೆ ಎರಡು ಸಲ ಅಮ್ಮನ ಕೈಯಾಗೆ ಉಂಡು ಹೋದೆ ನೀನು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಮೆಲ್ಲಗೆ ಹೇಳಿ, ಬೀದಿಯ ಉದ್ದಕ್ಕೂ ಒಮ್ಮೆ ಕಣ್ಣಾಡಿಸಿ, ಉಳಿದವರದ್ದೂ ನೋಡಿದೀಯಾ ಅಂತ ಕೇಳಿದ. ಅವತ್ತು ಅರವತ್ತು ಜನ ಬಂದಿದ್ದರು. ಅವರ ನೆನಪೇ ನನಗಾಗಿರಲಿಲ್ಲ. ನಾಚಿಕೆಗೆ ತಲೆ ಎತ್ತಲಾಗಲಿಲ್ಲ.

ಬಾಸ್‌ಗೆ ಎಲ್ಲ ಹೇಳಿ, ಎರಡು ದಿನ ಕೂತು ಅರವತ್ತೂ ಜನರ ಮೂಲ ಚಿತ್ರ ನೋಡಿದೆ. ಗೊತ್ತಿಲ್ಲದ ಜಾಗವನ್ನು ತುಂಬದೆ ಕಪ್ಪಾಗಿಯೇ ಬಿಡುವಂತೆ ಸಾಫ್ಟ್‌ವೇರ್ ಬದಲಿಸಿದೆ. ಅಂಥದೇ ತೂತಿನ ಇನ್ನೊಬ್ಬರು ಸಿಕ್ಕಿದರು, ಯರ್ರಪ್ಪ ಅನ್ನುವ ಮುದುಕರು. ಅವರ ಮನೆಗೆ ನಾಗಾರ್ಜುನ ಜೊತೆಗೆ ಬಂದ, ಆದರೆ ನಾಲ್ಕು ಹೆಜ್ಜೆ ಮುಂದೆ ನಡೆದ. ನನ್ನ ತಪ್ಪನ್ನು ನಾನು ಕನ್ನಡದಲ್ಲಿ ಹೇಳಿದೆ. ಅವನು ಒಂದು ಮಾತೂ ಬಿಡದೆ ತೆಲುಗಿನಲ್ಲಿ ಹೇಳಿದ. ನನ್ನ ಕಡೆ ನೋಡಲಿಲ್ಲ.

ಚಿತ್ತಮ್ಮನ ಆಪರೇಷನ್ ಆಯಿತು. ಒಂದು ವಾರ ಮುಖ ಕೆಳಗೆ ಮಾಡಿಯೇ ಇರಬೇಕು ಅಂದಿದ್ದರು ಡಾಕ್ಟರು. ಆ ವಾರ ರಜೆ ಹಾಕಿ ಅವರ ಮನೆಯಲ್ಲೇ ಇದ್ದೆ. ಅವರು ಮಂಚದ ಅಂಚಿನಲ್ಲಿ ಬೋರಲು ಮಲಗಿದರೆ ನಾನು ಕೆಳಗೆ ನೆಲದ ಮೇಲೆ ಕೂತು, ಸ್ಟ್ರಾದಲ್ಲಿ ಕಾಫಿ ಕುಡಿಸುತ್ತಿದ್ದೆ. ಹಾಗಾಗಿ ಅವರ ಮುಖ ನೇರ ನನ್ನ ಮುಖದ ಮೇಲೇ ಇರುತ್ತಿತ್ತು, ತಪ್ಪಿಸಿಕೊಳ್ಳಲು ದಾರಿಯಿರಲಿಲ್ಲ.

"ನಾಗ ಎಲ್ಲ ಹೇಳ್ದ. ಅವನು ಬಿಟ್ಟು ಹೋಗ್ತಾನೆ ಅಂತ ಸುಮ್ಮನಿದ್ದೆಯಾ?"

ಹೂನಮ್ಮ ಅಂದೆ.

"ನನ್ನ ಕಣ್ಣಿಗಿಂತ ನನ್ನ ಮಗ ದೊಡ್ಡೋನಾದ್ನಾ ನಿಂಗೆ?"

"ಆ ಒಂಬತ್ತು ದಿನ ಹಂಗೇ ಆಯ್ತಮ್ಮ."

ಅವರು ಸ್ಟ್ರಾವನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ, ಇನ್ನೊಂದು ಗುಟುಕು ಕೊಡು ಅಂದರು. ಸ್ಟ್ರಾವನ್ನು ಮತ್ತೆ ಅವರ ತುಟಿಗೆ ಹಿಡಿದೆ.

ಪೂರ್ತಿ ದೃಷ್ಟಿ ಬರಲಿಲ್ಲ. ಮಗ್ಗಕ್ಕೆ ಸಾಕಾಗುವಷ್ಟು ಬಂದೀತು ಅಂದರು ಡಾಕ್ಟರು. ಮೊದಲೇ ಬಂದಿದ್ದರೆ ಅಂತಲೂ ಒಂದು ಮಾತು ಅಂದರು. ಆ ಮಾತು ನನಗೆ ಬೀಳಬೇಕಾದ್ದೇ ಆಗಿತ್ತು.

ವಾರ ಮುಗಿದ ದಿನ ಲೋಟ ತೊಳೆದಿಟ್ಟು, ಬ್ಯಾಗ್ ಹಾಕಿಕೊಂಡು ಹೊರಟೆ. ಬಾಗಿಲಲ್ಲಿ ನಾಗಾರ್ಜುನ ಅಡ್ಡ ನಿಂತಿದ್ದ. ಎಷ್ಟೋ ದಿನಗಳ ನಂತರ ಮುಖ ನೋಡಿ ಮಾತಾಡಿದ.

"ಸಿಟ್ಟು ಇನ್ನೂ ಐತೆ ರಶ್ಮಿ. ಸುಳ್ಳು ಹೇಳಲ್ಲ. ವರ್ಷ ಆದ್ರೂ ಹೋಗಾಕಿಲ್ಲ ಅನ್ಸುತ್ತೆ."

"ಹೋದ ಮೇಲೇ ಕರಿ. ಬರ್ತೀನಿ."

ಅವನ ಕಣ್ಣು ತುಂಬಿ ಬಂತು.

"ಅಲ್ಲೀ ತಂಕ ನನ್ನ ಕೈಲಿ ಇರಾಕಾಗಲ್ಲ," ಅಂದ. "ಸಿಟ್ಟು ಇರುವಾಗ್ಲೇ ಬಾ."