ಹೆಸರು ಕೇಳುವ ಬೀಗ

“ಬೇರೆ ಏನ್ ಬೇಕಾದ್ರೂ ಮುಟ್ಟಿ ಸಾರ್. ಆ ಕಪ್ಪು ಬೀಗ ಮಾತ್ರ ಬೇಡ. ಕೋರ್ಟಲ್ಲಿ ಸಾಕ್ಷಿ ಹೇಳೋರ ಬಾಯಿ ಕಟ್ಟೋಕೆ ಅಂತ ಮಾಟ ಮಾಡ್ಸಿದ್ದು. ಯಾರ ಹೆಸರು ಹೇಳಿ ಒತ್ತಿದ್ರೆ ಅವರ ಬಾಯಿ ಬಿದ್ದೋಗುತ್ತೆ.”

ಅಂಗಡಿಯ ಮುದುಕಿ ನೀಲಗಂಗಮ್ಮನ ಮಾತಿಗೆ ಶಶಿಕಾಂತ್ ಹೊಟ್ಟೆ ಹಿಡಿದುಕೊಂಡು ನಕ್ಕ. ಊರೂರು ಅಲೆದು ವಿಚಿತ್ರ ಅಂಗಡಿಗಳ ವಿಡಿಯೋ ಮಾಡುವುದೇ ಈ ತುಮಕೂರಿನ ಆಸಾಮಿಯ ಕಸುಬು. ತ್ಯಾಗರಾಜನಗರದ ಅಡ್ಡರಸ್ತೆಯಲ್ಲಿ ದಾರಿ ತಪ್ಪಿದವನಿಗೆ ಈ ಹಳೇ ಬೀಗಗಳ ಅಂಗಡಿ ತಾನಾಗಿ ಸಿಕ್ಕಿತ್ತು. ಹೊರಗೆ ಸುಡುಬಿಸಿಲು, ಒಳಗೆ ಕತ್ತಲು. ತುಕ್ಕು, ಹರಳೆಣ್ಣೆ, ಕೊಳೆತ ನಿಂಬೆಹಣ್ಣಿನ ಕಮಟು. ಸೂರಿಗೆ ಜೋತುಬಿದ್ದ ಬೀಗಗಳು ಗಾಳಿಯಿಲ್ಲದೆಯೂ ಸಣ್ಣಗೆ ತಾಕಲಾಡುತ್ತಿದ್ದವು.

ಅಷ್ಟರಲ್ಲಿ ಹೆಂಡತಿ ಅಂಜನಾಳ ವಿಡಿಯೋ ಕಾಲ್ ಬಂತು. ಅವಳ ತೊಡೆಯ ಮೇಲೆ ಈಗಷ್ಟೇ ಮಾತು ಕಲಿತ ಪುಟ್ಟ, “ಅಪ್ಪ, ಅಪ್ಪ” ಎಂದು ಒಂದೇ ಸಮನೆ ಜಪ ಮಾಡುತ್ತಿದ್ದ.

“ರೀ, ಮತ್ತೆಲ್ಲಿ ಸೇರ್ಕೊಂಡ್ರಿ? ಇವನು ನಿಮ್ಮನ್ನೇ ಕೇಳ್ತಿದಾನೆ. ಯಾವಾಗ ಬರ್ತೀರ? ಒಂದ್ ಮಾತು ಹೇಳಿ ಹೋಗೋಕಾಗಲ್ವಾ?”

“ನೋಡಿ ಅಜ್ಜಿ, ಈ ಬಾಯಿಗೇ ಬೀಗ ಬೇಕಿತ್ತು!” ಶಶಿಕಾಂತ್ ಕಣ್ಣು ಮಿಟುಕಿಸಿ ಕಪ್ಪು ಬೀಗ ಎತ್ತಿಕೊಂಡ. “ಅಂಜನಾ!” ಎಂದು ಒತ್ತಿಯೇಬಿಟ್ಟ.

ಕಟಕ್.

ಅವಳ ಮಾತು ನಿಂತಿತು. ನೆಟ್‌ವರ್ಕ್ ಇರಬೇಕು ಅಂದುಕೊಂಡ. ಆದರೆ ಪುಟ್ಟನ ದನಿ ಕೇಳುತ್ತಲೇ ಇತ್ತು. ಅಂಜನಾಳ ತುಟಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಉಗುರಿನಿಂದ ಕೆರೆದಳು. ರಕ್ತ ಬಂತು. ಬಾಯಿ ಬಿಡಲಿಲ್ಲ.

ಶಶಿಕಾಂತ್ ಬೀಗವನ್ನು ಹಿಡಿದು ಜಗ್ಗಿದ. “ಬೀಗದ ಕೈ ಕೊಡಿ ಅಜ್ಜಿ! ಕಾಲಿಗೆ ಬೀಳ್ತೀನಿ!”

“ಅದಕ್ಕೆ ಬೀಗದ ಕೈ ಇಲ್ಲಪ್ಪ. ನಿಮ್ಮ ಮನೆಯವರದ್ದೇ ಇನ್ನೊಂದು ಹೆಸರು ಕೊಟ್ರೆ ಇವಳನ್ನ ಬಿಡುತ್ತೆ. ಒಂದೇ ಸಲ. ಆಮೇಲೆ ಜಪ್ಪಯ್ಯ ಅಂದ್ರೂ ತೆಗೆಯಲ್ಲ.”

ತನ್ನ ಹೆಸರು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡ. ಬಾಯಿಯೇ ಹೋದರೆ ಹೊಟ್ಟೆಪಾಡು? ಹೇಡಿತನಕ್ಕೆ ಜಾಣತನದ ಬಣ್ಣ ಬಳಿಯುವುದರಲ್ಲಿ ಪಳಗಿದವನಿಗೆ ತಕ್ಷಣ ಹೊಳೆಯಿತು. ಅಪ್ಪ! ಅವರು ಮಣ್ಣಾಗಿ ವರ್ಷಗಳೇ ಆದವು. ಸತ್ತವರ ಬಾಯಿ ಕಟ್ಟಿದರೆಷ್ಟು, ಬಿಟ್ಟರೆಷ್ಟು?

“ಚನ್ನಬಸವಯ್ಯ!”

ಬೀಗ ತೆರೆಯಿತು. ತಾನಾಗಿ ಮತ್ತೆ ಮುಚ್ಚಿಕೊಂಡಿತು. ಕಟಕ್.

ಅಂಜನಾ ಬಿಕ್ಕಳಿಸಿ ಉಸಿರೆಳೆದಳು. “ಏನಾಯ್ತ್ರೀ ನಂಗೆ?”

“ಮುಗೀತು ಬಿಡು. ಯಾವುದೋ ಮಾಟ. ನಿನ್ನ ಬದಲು ಅಪ್ಪನ ಹೆಸರು ಕೊಟ್ಟೆ,” ಎಂದು ಗೆದ್ದವನ ಹಾಗೆ ನಕ್ಕ.

ಅವಳ ಮುಖ ಬಿಳಿಚಿಕೊಂಡಿತು. “ಯಾರ ಹೆಸರು?”

ತೊಟ್ಟಿಲಿಗೆ ಹಾಕಿದ ದಿನ, ಮನೆಯ ಪದ್ಧತಿಯಂತೆ, ಅಜ್ಜನ ಹೆಸರನ್ನೇ ಮೊಮ್ಮಗನ ಕಿವಿಯಲ್ಲಿ ಹೇಳಿದ್ದರು. ಮಾವನವರ ಹೆಸರು ಹಿಡಿದು ಕರೆಯಲಾರದೆ ಅಂಜನಾ ಪುಟ್ಟ ಎಂದಳು. ಮನೆಯವರೆಲ್ಲ ಪುಟ್ಟ ಎಂದರು. ಹೆತ್ತ ಅಪ್ಪ ಮರೆತೇಬಿಟ್ಟಿದ್ದ.

ಮಗು ಅಳುತ್ತಿತ್ತು. ಕೆನ್ನೆಯೆಲ್ಲ ಕಣ್ಣೀರು. ಮೈಯೆಲ್ಲ ನಡುಕ. ಸದ್ದಿಲ್ಲ. ತುಟಿಗಳ ನಡುವೆ ಗೆರೆಯೂ ಇರಲಿಲ್ಲ.

“ಶಶಿಕಾಂತ್! ನನ್ನ ತಗೋ! ಶಶಿಕಾಂತ್!” ಬೀಗವನ್ನು ಬಾಯಿಗೆ ಒತ್ತಿಕೊಂಡು ಕೂಗಿದ. ಗಂಟಲು ಹರಿಯುವ ಹಾಗೆ ಕೂಗಿದ. ಅದು ಮಿಸುಕಲಿಲ್ಲ. ಮಗು ಫೋನಿನ ಕಡೆ ಎರಡೂ ಕೈ ಚಾಚಿ, ಅವನನ್ನೇ ನೋಡುತ್ತಿತ್ತು.