ಒಂದೇ ಉಸಿರಿನ ಪದ

"ಅಯ್ಯೋ, ನಡುವೆ ಈ 'ಸ' ಎಲ್ಲಿಂದ ಬಂತಪ್ಪಾ..."

ಕುಮುದಾ ತನಗೆ ತಾನೇ ಹೇಳಿಕೊಂಡ ಮಾತು ಅದು. ಮುಂದಿದ್ದ ಮೈಕ್ ಆಫ್ ಆಗಿದೆ ಎಂದುಕೊಂಡಿದ್ದಳು.

ಗಾಜಿನ ಆಚೆ, ರೆಕಾರ್ಡಿಂಗ್ ಕೋಣೆಯಲ್ಲಿ ಕುಳಿತಿದ್ದ ಕಂದುಗೂದಲಿನ ಗಂಡಸು ಕಾಗದದಿಂದ ತಲೆಯೆತ್ತಿದ. ಹೆಡ್‌ಫೋನಿನಲ್ಲಿ ಅವನ ದನಿ ಕಿವಿಗೆ ತಾಗುವಷ್ಟು ಹತ್ತಿರದಿಂದ ಕೇಳಿತು.

"ಅದು ಹೊಲಿಗಿ ರೀ. ಎರಡು ಅರಿವಿ ಕೂಡಿಸಿ ಹೊಲದಂಗ."

ಅವಳ ಕೈಯಿಂದ ಪೆನ್ಸಿಲ್ ಜಾರಿತು.

ಮುಂದಿದ್ದ ಹಾಳೆಯಲ್ಲಿ 'ಐ. ಹೌಗನ್, ನಾರ್ವೆ' ಎಂದಷ್ಟೇ ಇತ್ತು. ಬಿಳಿಯನೆಂದುಕೊಂಡೇ ಬೆಳಗಿನಿಂದ ಅವನೊಡನೆ ಇಂಗ್ಲಿಷ್ ಆಡಿದ್ದಳು.

"ನೀವು... ಕನ್ನಡದವರಾ?"

"ಅಪ್ಪ ಹಾವೇರಿಯವರು, ಅವ್ವ ನಾರ್ವೆಯಾಕಿ. ಹೆಸರು ಇಂದುಧರ. ಹೌಗನ್ ಅವ್ವನ ಮನೆತನದ ಹೆಸರು." ಅವನು ಸಂಕೋಚದಿಂದ ನಕ್ಕ. "ಕನ್ನಡ ನಮ್ಮ ಆಯಿ ಕಲಿಸಿದ್ದು. ಮುದುಕ್ಯಾರ ಕನ್ನಡ. ತಪ್ಪಿದ್ರ ನಗಬ್ಯಾಡ್ರಿ."

ಆಯಿ ಎಂದರೆ ಅವನ ಅಜ್ಜಿ. ಕುಮುದಾ ನಗಲಿಲ್ಲ. ಕಚೇರಿಯಲ್ಲಿ ಯಾರಾದರೂ ತನ್ನೊಡನೆ ಕನ್ನಡದಲ್ಲಿ ಇಷ್ಟು ಮಾತಾಡಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕುತ್ತಿದ್ದಳು.

ಅದು 2014ರ ಫೆಬ್ರವರಿ. ಲಾಸ್ ಏಂಜಲಿಸ್ ಪಕ್ಕದ ಕಲ್ವರ್ ಸಿಟಿಯ ಆ ಪುಟ್ಟ ಕಂಪನಿ ನಾರ್ವೆಯ ವಕೀಲರಿಗಾಗಿ ಒಂದು ಸಾಫ್ಟ್‌ವೇರ್ ಮಾಡುತ್ತಿತ್ತು. ವಕೀಲರು ಬಾಯಲ್ಲಿ ಹೇಳಿದ್ದನ್ನು ಅದು ಬರಹಕ್ಕೆ ಇಳಿಸಬೇಕು. ಅದಕ್ಕೆ ನಾಲ್ಕು ಸಾವಿರ ಕಾನೂನು ಪದಗಳ ಉಚ್ಚಾರಣೆ ಬೇಕಿತ್ತು. ಸ್ಯಾನ್ ಡಿಯೇಗೋದಲ್ಲಿ ಭಾಷಾಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ್ದ ತಿಪಟೂರಿನ ಕುಮುದಾಳಿಗೆ ಆ ಕೆಲಸ ಸಿಕ್ಕಿತ್ತು. ನಾರ್ವೇಜಿಯನ್ ವ್ಯಾಕರಣವನ್ನು ಪುಸ್ತಕಗಳಿಂದ ಕಲಿತಿದ್ದಳು. ಆದರೆ ಕಿವಿ ಅವಳದಲ್ಲ, ನಾಲಿಗೆಯೂ ಅವಳದಲ್ಲ.

ಆ ಭಾಷೆ ಪದಗಳನ್ನು ನಡುವೆ ಜಾಗ ಬಿಡದೆ ಒಂದಕ್ಕೊಂದು ಕೂಡಿಸುತ್ತಲೇ ಹೋಗುತ್ತದೆ. ಎಲ್ಲಿ ಬಿಡಿಸಬೇಕೆಂದು ತಿಳಿಯದಿದ್ದರೆ ಉಚ್ಚಾರಣೆಯೂ ಕೆಡುತ್ತದೆ. ಹೈಸ್ಕೂಲಿನಲ್ಲಿ ಸಮಾಸಗಳಿಗೆ ವಿಗ್ರಹವಾಕ್ಯ ಬರೆದವಳಿಗೂ ತಲೆ ತಿರುಗುತ್ತಿತ್ತು.

"ಈಗ ನೋಡ್ರಿ," ಎಂದು ಇಂದುಧರ ಹೇಳಿಕೊಟ್ಟ. "ವೈನ್ ಕುಡಿಯೂ ಗ್ಲಾಸು 'ವೀನ್‌ಗ್ಲಾಸ್'. ಎರಡೇ ತುಂಡು, ನಡುವ ಏನೂ ಇಲ್ಲ. ಕೆಂಪು ವೈನಿನ ಗ್ಲಾಸು 'ರೋವೀನ್ಸ್‌ಗ್ಲಾಸ್'. ಮೂರು ತುಂಡು ಆದ ಕೂಡ್ಲೇ 'ಸ' ಬಂತು. ಕೆಂಪು ಮತ್ತ ವೈನು ಮೊದಲ ಕೂಡ್ಯಾವ, ಗ್ಲಾಸು ಆಮ್ಯಾಲ ಬಂದದ ಅಂತ ಅದು ಹೇಳತದ."

"ಕೋರ್ಟಿಗೂ ಹಾಗೇನಾ?"

"ಬಹಳ ಕಡೆ ಹಂಗ. ಕೆಳಗಿನ ಕೋರ್ಟು 'ಟಿಂಗ್‌ರೆಟ್'. ಅದರ ಮ್ಯಾಲಿಂದು 'ಲಾಗ್‌ಮಾನ್ಸ್‌ರೆಟ್'. ಒತ್ತು ಮೊದಲ ತುಂಡಿಗೇ ಕೊಡಬೇಕು. ನಡುವ ಉಸಿರು ಬಿಟ್ರ ಕೆಟ್ಟು ಹೋತು. ಎರಡು ಶಬ್ದ ಆಗಿ ಒಡೀತದ."

ಅವನು ನಾರ್ವೆಯ ಬರ್ಗನ್‌ನಲ್ಲಿ ಮೂರು ವರ್ಷ ಕಾನೂನು ಓದಿ ನಡುವೆಯೇ ಬಿಟ್ಟವನು. ಈಗ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್ಯಾಂಚ್‌ನ ಮನೆಯಲ್ಲಿ ಕುಳಿತು ಔಷಧ ಕಂಪನಿಗಳ ಕಾಗದಪತ್ರ ಅನುವಾದಿಸುತ್ತಿದ್ದ. ವಾರಕ್ಕೆ ಮೂರು ದಿನ ಮಾತ್ರ ಲಾಸ್ ಏಂಜಲಿಸ್‌ಗೆ ಬರುತ್ತಿದ್ದ.

ಕುಮುದಾ ಇದ್ದದ್ದು ಅವನ ಬಡಾವಣೆಯ ಪಕ್ಕದ ಮೀರಾ ಮೆಸಾದಲ್ಲಿ, ನೀರಜಾ ಆಂಟಿ ಎಂಬವರ ಮನೆಯ ಹಿಂದಿನ ಬಾಡಿಗೆ ಕೋಣೆಯಲ್ಲಿ. ಅಮ್ಮ ತೀರಿಕೊಂಡ ಮೇಲೆ ಊರಿನಿಂದ ಫೋನ್ ಬರುವುದು ನಿಂತಿತ್ತು. ನಿಶ್ಚಯವಾಗಿದ್ದ ಒಂದು ಮದುವೆ ಪಿಎಚ್‌ಡಿ ನಡುವೆಯೇ ಮುರಿದಿತ್ತು. ಮೂವತ್ತನಾಲ್ಕರ ಅವಳಿಗೆ ಭಾನುವಾರಗಳೆಂದರೆ ಭಯ. ಅಂದು ಅವಳ ಗಂಟಲಿನಿಂದ ದನಿ ಹೊರಡಲು ಕಾರಣವೇ ಇರುತ್ತಿರಲಿಲ್ಲ.

ಸಂಜೆ ಇಬ್ಬರೂ ಒಂದೇ ರೈಲಿನಲ್ಲಿ ದಕ್ಷಿಣಕ್ಕೆ ಮರಳತೊಡಗಿದರು. ಮೊದಲ ವಾರ ಎದುರುಬದುರು, ಎರಡನೆಯ ವಾರ ಪಕ್ಕಪಕ್ಕ. ಕಿಟಕಿಯಾಚೆ ಸಮುದ್ರ ಕಂಡಾಗ ಅವನು ಮಾತು ನಿಲ್ಲಿಸುತ್ತಿದ್ದ. ಅವಳೂ ನಿಲ್ಲಿಸುತ್ತಿದ್ದಳು. ಸೊಲಾನಾ ಬೀಚ್ ನಿಲ್ದಾಣದಲ್ಲಿ ಇಳಿದು ಅವರವರ ಕಾರು ಹತ್ತುವಾಗ ಅವನು ಪ್ರತಿ ಸಲವೂ, "ಹುಷಾರಾಗಿ ಹೋಗ್ರಿ," ಎನ್ನುತ್ತಿದ್ದ.

ಹಗಲು ಹೊತ್ತು ಅವಳ ಕಿವಿಯಲ್ಲಿ ಅವನೇ ಇರುತ್ತಿದ್ದ. ವಾರಸುದಾರಿಕೆ, ಅಡಮಾನ, ಸಾಕ್ಷಿ, ಮೇಲ್ಮನವಿ... ಪ್ರತಿ ಪದಕ್ಕೂ ಮುನ್ನ ಅವನು ಎಳೆದುಕೊಳ್ಳುವ ಸಣ್ಣ ಉಸಿರನ್ನು ಕತ್ತರಿಸಿ ತೆಗೆಯುವುದು ಅವಳ ಕೆಲಸ. ಈಚೆಗೆ ಕತ್ತರಿಸುವ ಮೊದಲು ಒಮ್ಮೆ ಕೇಳಿಸಿಕೊಳ್ಳುತ್ತಿದ್ದಳು.

'ಇದೇನಿದು ನನಗೆ...' ಎಂದು ಗಾಬರಿಯಾಗುತ್ತಿತ್ತು.

ಏಪ್ರಿಲ್‌ನಲ್ಲಿ ಕುಟುಂಬ ಕಾನೂನಿನ ಪಟ್ಟಿ ಬಂತು.

ಮೊದಲಿಗೇ 'ಹೂಸ್‌ಸ್ಟಾನ್ಸ್‌ಫೆಲ್ಲೆಸ್‌ಸ್ಕಾಪ್ಸ್‌ಲೋವೆನ್'. ಮದುವೆಯಾಗದೆ ಒಂದೇ ಸೂರಿನಡಿ ಬದುಕಿದವರು ಅಗಲಿದಾಗ ಮನೆ ಯಾರಿಗೆ ಉಳಿಯಬೇಕೆಂದು ಹೇಳುವ ಕಾಯಿದೆಯ ಹೆಸರು. ಅಷ್ಟುದ್ದವನ್ನು ಅವನು ಎಲ್ಲೂ ತಡೆಯದೆ ಹೇಳಿ ಮುಗಿಸಿದಾಗ ಕುಮುದಾ ಗಾಜಿನ ಈಚೆಯಿಂದ ಚಪ್ಪಾಳೆ ತಟ್ಟಿದಳು.

ಮುಂದಿನ ಪದ 'ಬಾರ್ನೆಫೊರ್ಡೇಲಿಂಗ್ಸ್‌ಸಾಕ್'.

ಅವಳು ಎಂದಿನಂತೆ ಬಿಡಿಸಿ ನೋಡಿದಳು. ಬಾರ್ನ್, ಮಕ್ಕಳು. ಫೊರ್ಡೇಲಿಂಗ್, ಹಂಚಿಕೆ. ಸಾಕ್, ಮೊಕದ್ದಮೆ. ನಡುವೆ ಒಂದು 'ಎ', ಒಂದು 'ಸ'.

"ಮಕ್ಕಳ ಹಂಚಿಕೆ ಕೇಸಾ? ಹೊಲ ಗದ್ದೆ ಪಾಲು ಮಾಡಿದ ಹಾಗೆ?" ಎಂದು ನಕ್ಕುಬಿಟ್ಟಳು.

ಅವನು ನಗಲಿಲ್ಲ.

"ಬಾರ್ನೆ..." ಎಂದ. ನಿಂತ.

"ಇನ್ನೊಂದ್ಸಲ ಹೇಳ್ತೀರಾ? ಒಡೆದುಹೋಯ್ತು."

"ಬಾರ್ನೆ... ಫೊರ್ಡೇಲಿಂಗ್ಸ್‌ಸಾಕ್."

ಮೂರನೆಯ ಸಲವೂ ಅಲ್ಲೇ ನಿಂತ. ನಾಲ್ಕನೆಯ ಸಲವೂ. ಆರನೆಯ ಸಲ ಮುಗಿದಾಗ ಹೆಡ್‌ಫೋನ್ ತೆಗೆದಿಟ್ಟ. ಬಾಗಿಲು ತೆರೆದು, ಅವಳ ಕಡೆ ನೋಡದೆ ಹೊರಟುಹೋದ.

ಅಂದು ಸಂಜೆ ರೈಲಿನಲ್ಲಿ ಅವನಿರಲಿಲ್ಲ. ಮುಂದಿನ ಮೂರು ಸರದಿಯೂ ಕೆಲಸಕ್ಕೆ ಬರಲಿಲ್ಲ, ಒಂದು ಸಂದೇಶವನ್ನೂ ಕಳಿಸಲಿಲ್ಲ. ಪಕ್ಕದ ಖಾಲಿ ಸೀಟಿನ ಮೇಲೆ ಬ್ಯಾಗಿಟ್ಟುಕೊಂಡು ಕುಮುದಾ ಸಮುದ್ರವನ್ನು ನೋಡುವುದನ್ನೇ ಬಿಟ್ಟಳು.

'ನಾನು ಅವನಿಗೆ ಯಾರೂ ಅಲ್ಲ. ಎರಡು ಕನ್ನಡ ಮಾತಿಗೆ ಮರುಳಾದೆ...'

ಕನ್ನಡ ಬಾರದ ಮ್ಯಾನೇಜರ್ ಗಿರಿಧರ್ ವರದಿ ಕೇಳಿದ. ಅವಳು ಬರೆದಳು. 'ಆರು ಸಲ ಪ್ರಯತ್ನಿಸಿದರೂ ಸಮಾಸಪದವನ್ನು ಒಂದೇ ಉಸಿರಿನಲ್ಲಿ ಹೇಳಲಾಗಲಿಲ್ಲ. ತಿಳಿಸದೆ ಗೈರುಹಾಜರು. ಈ ಕೆಲಸಕ್ಕೆ ನೆಚ್ಚಿಕೊಳ್ಳುವಂತಿಲ್ಲ.' ಕೊನೆಯ ವಾಕ್ಯ ಬೇಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ಗುತ್ತಿಗೆ ರದ್ದಾಯಿತು. ವರದಿಯ ಪ್ರತಿ ಇಂದುಧರನಿಗೂ ಹೋಯಿತು. ಮರುದಿನ ಅವನಿಂದ ಒಂದೇ ಸಾಲು ಬಂತು. 'ವರದಿ ಸರಿಯಾಗಿದೆ.'

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಆ ಸಾಲನ್ನು ಓದಿದ ದಿನ ಅವಳಿಗೆ ಊಟ ಸೇರಲಿಲ್ಲ.

ಎರಡು ವಾರ ಕಳೆದ ಮೇಲೆ, ಉಳಿದ ಧ್ವನಿಮುದ್ರಣಗಳನ್ನು ಕತ್ತರಿಸಲು ಕುಳಿತಾಗ ಆ ಆರು ಪ್ರಯತ್ನಗಳು ಎದುರಾದವು. ಅಳಿಸಿಬಿಡೋಣವೆಂದುಕೊಂಡಳು. ಆರನೆಯದರ ಕೊನೆಗೆ ಉದ್ದನೆಯ ಮೌನವಿತ್ತು. ನಂತರ ಕುರ್ಚಿ ಸರಿದ ಸದ್ದು. ಮೈಕ್‌ನಿಂದ ದೂರ, ಕೇಳಿಯೂ ಕೇಳದಂತೆ, ಅವನ ದನಿ...

"ಆಯಿ, ನಾ ನಿನ್ನ ಹೆಸರ ಹೇಳಬೇಕಿತ್ತ..."

ಕುಮುದಾ ಅದನ್ನು ಮೂರು ಸಲ ಕೇಳಿದಳು. ಪೂರ್ತಿ ಅರ್ಥವಾಗಲಿಲ್ಲ. ತಾನು ನಕ್ಕದ್ದು ಯಾವುದರ ಮೇಲೆ ಎಂಬುದಷ್ಟು ಅರ್ಥವಾಯಿತು.

ನೇರವಾಗಿ ಗಿರಿಧರ್ ಬಳಿ ಹೋದಳು.

"ಆ ವರದಿ ನಾನು ಸಿಟ್ಟಲ್ಲಿ ಬರೆದದ್ದು. ಮೂರು ಸಾವಿರ ಪದ ಒಂದೂ ತಪ್ಪಿಲ್ಲದೆ ಓದಿದ್ದಾರೆ ಅವರು. ವಾಪಸ್ ಕರೀಬಹುದಾ?"

ಗಿರಿಧರ್ ಕನ್ನಡಕ ತೆಗೆದು ಅವಳನ್ನೇ ನೋಡಿದ. "ಬೇರೆಯವರನ್ನ ತಗೊಂಡಾಯ್ತು ಕುಮುದಾ. ವರದಿ ಬೇಕಾದ್ರೆ ತಿದ್ದು. ಆದರೆ ಕೆಲಸ ವಾಪಸ್ ಕೊಡೋಕಾಗಲ್ಲ."

ತಿದ್ದಿದಳು. ತಪ್ಪು ತನ್ನದೆಂದು ಹೆಸರು ಹಾಕಿ ಬರೆದಳು. ಅದರಿಂದ ಎದೆಯ ಭಾರವೇನೂ ಇಳಿಯಲಿಲ್ಲ.

ಇಂದುಧರ ಭಾನುವಾರದ ಬೆಳಿಗ್ಗೆಗಳಲ್ಲಿ ಮನೆ ಹತ್ತಿರದ ಮಿರಾಮಾರ್ ಕೆರೆಯ ಸುತ್ತ ನಡೆಯುತ್ತೇನೆಂದು ರೈಲಿನಲ್ಲೊಮ್ಮೆ ಹೇಳಿದ್ದ. ಸುತ್ತು ಐದು ಮೈಲಿ. ಆ ಭಾನುವಾರ ಎಂಟು ಗಂಟೆಗೇ ಕುಮುದಾ ಅಲ್ಲಿದ್ದಳು. ಓಡುವವರು, ತಳ್ಳುಗಾಡಿಯಲ್ಲಿ ಕೂಸು ಕೂರಿಸಿಕೊಂಡ ದಂಪತಿಗಳು, ನಾಯಿಗಳು. ಅರ್ಧ ಮೈಲಿ ನಡೆಯುವಷ್ಟರಲ್ಲಿ ಎದುರಿನಿಂದ ಅವನು ಒಬ್ಬನೇ ಬರುತ್ತಿರುವುದು ಕಂಡಿತು.

ಅವಳನ್ನು ನೋಡಿ ನಿಂತ.

"ನೀವಾ? ಇಲ್ಲಿ?"

"ನಿಮ್ಮನ್ನ ನೋಡೋಕೇ ಬಂದೆ. ಕ್ಷಮೆ ಕೇಳಬೇಕು. ಆರನೇ ಸಲದ ಕೊನೇಲಿ ನೀವು ಹೇಳಿದ್ದು ರೆಕಾರ್ಡ್ ಆಗಿದೆ. ಕೇಳಿದೆ."

ಅವನು ದಾರಿಬದಿಯ ಬೆಂಚಿನ ಮೇಲೆ ಕುಳಿತ. ಅವಳೂ ಕುಳಿತಳು, ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಅವನೇ ಮಾತು ತೆಗೆದ.

"ಶಂಕ್ರವ್ವ ಅಂತ ಆಕಿ ಹೆಸರು. ಅಪ್ಪನ ಅವ್ವ. ನಾ ಹುಟ್ಟಿದಾಗ ಹಾವೇರಿಯಿಂದ ನಾರ್ವೆಯ ಸ್ಟವಾಂಗರ್‌ಗೆ ಬಂದಾಕಿ. ಅಪ್ಪ ಅವ್ವ ಇಬ್ಬರೂ ಕೆಲಸಕ್ಕ ಹೋಗ್ತಿದ್ರು. ನನ್ನ ಬೆಳೆಸಿದಾಕಿ ಆಯಿ."

"ಹಂ..."

"ನನಗ ಹನ್ನೆರಡು ಇದ್ದಾಗ ಅವರಿಬ್ರೂ ಬ್ಯಾರೆ ಆದ್ರು. ನನ್ನ ಸಲುವಾಗಿ ಕೋರ್ಟಿಗೆ ಹೋದ್ರು. ಆ ಶಬ್ದ ನಾ ಅಲ್ಲೇ ಮೊದಲ ಸಲ ಕೇಳಿದ್ದು. ಒಬ್ಬರು ಹೆಣ್ಣು ನ್ಯಾಯಾಧೀಶರು ಬಿಸ್ಕೀಟ್ ಕೊಟ್ಟು ಕೇಳಿದ್ರು, ಯಾರ ಕೂಡ ಇರ್ತಿ, ಅಪ್ಪನೋ ಅವ್ವನೋ ಅಂತ. ಸಾಲಿ ಅಲ್ಲೇ ಇತ್ತು, ಗೆಳೆಯಾರು ಅಲ್ಲೇ ಇದ್ರು. ಅವ್ವ ಅಂದೆ."

ಅವನು ನೀರಿನ ಕಡೆ ನೋಡುತ್ತಿದ್ದ.

"ಅಪ್ಪ ಊರಿಗೆ ಹೊಂಟ. ಆಯೀನೂ ಹೋಗಬೇಕಾತು. ಅದು ನನಗ ಹೊಳೆದಿರಲಿಲ್ರಿ. ಅವರು ಕೇಳಿದ್ರೊಳಗ ಆಕಿ ಹೆಸರೇ ಇರಲಿಲ್ಲ. ನಾಲ್ಕು ವರ್ಷಕ್ಕ ಆಕಿ ತೀರಿಕೊಂಡ್ಲು. ಊರಿಗೆ ಹೋದಮ್ಯಾಲ ಆಕಿನ್ನ ನಾ ನೋಡಲೇ ಇಲ್ಲ."

ಕುಮುದಾಳ ಕಣ್ಣು ತುಂಬಿತ್ತು. "ಅದರ ಮೇಲೆ ನಾನು ನಕ್ಕೆ."

"ನೀವು ನಕ್ಕಿದ್ದಕ್ಕ ಹೋಗಲಿಲ್ಲ. ನಿಮ್ಮ ಮುಂದ ಅತ್ತುಬಿಡ್ತೀನಿ ಅಂತ ಹೋದೆ. ಮನಿಗೆ ಹೋಗಿ ಕದ ಹಾಕ್ಕೊಂಡು ಕೂತೆ. ಬರದಿದ್ರ ಯಾರರ ಕಾಯ್ತಾರ ಅನ್ನೂದು ತಲೀಗೇ ಬರಲಿಲ್ಲ. ವರದಿ ಓದಿದಾಗ, ಇವರಿಗೂ ಸಾಕಾಗೇತಿ ಅಂದ್ಕೊಂಡೆ."

"ಕಾಯ್ತಾ ಇದ್ದೆ," ಎಂದಳು ಅವಳು. "ರೈಲಲ್ಲಿ ನಿಮ್ಮ ಸೀಟು ಹಿಡಿದಿಟ್ಟು ಕಾಯ್ತಾ ಇದ್ದೆ. ನೀವು ಬರಲಿಲ್ಲ ಅನ್ನೋ ಸಂಕಟಾನೇ ವರದಿ ಮಾಡಿ ಬರೆದೆ. ನಿಮ್ಮ ಕೆಲಸ ಹೋಯ್ತು."

"ಯಾಕ ಸಂಕಟ ಆತು?"

ಅವಳು ಉತ್ತರಕ್ಕಾಗಿ ತಡಕಾಡಲಿಲ್ಲ. ಎಷ್ಟೋ ವಾರಗಳಿಂದ ಅದು ಬಾಯ ತುದಿಯಲ್ಲೇ ಇತ್ತು.

"ನಿಮ್ಮನ್ನ ಪ್ರೀತಿಸ್ತಿದ್ದೀನಿ, ಅದಕ್ಕೆ."

'ಎದ್ದು ಹೋಗಿಬಿಡ್ತಾನೆ...' ಎನ್ನಿಸಿತು ಅವಳಿಗೆ.

ಅವನು ಎದ್ದ. ಆದರೆ ಹೋಗಲಿಲ್ಲ. ಬೆಂಚಿನ ಮೇಲೆ ಬಿಟ್ಟಿದ್ದ ಜಾಗದಲ್ಲಿ, ಅವಳಿಗೆ ತಾಗಿಕೊಂಡೇ ಕುಳಿತ.

"ಒಬ್ಬರ ಕೂಡ ಇರೂದು ನನಗ ಮರತೇ ಹೋಗೇತ್ರಿ. ತಪ್ಪು ಮಾಡ್ತೀನಿ. ಹೇಳದ ಕದ ಹಾಕ್ಕೋತೀನಿ."

"ಹೊರಗಿಂದ ತಟ್ತೀನಿ."

ಅವನ ತುಟಿಯಲ್ಲಿ ನಗು ಮೂಡಿತು, ಕಣ್ಣು ಒದ್ದೆಯಾಗಿಯೇ ಇತ್ತು. ಅವಳ ಕೈ ಹಿಡಿದುಕೊಂಡ. ಇಬ್ಬರ ಕೈಯೂ ತಣ್ಣಗಿತ್ತು.

"ನಿಮ್ಮ ಕಾರು ಎಲ್ಲಿ ನಿಂತದ?"

"ಗೇಟಿನ ಹತ್ತಿರ. ವಾಪಸ್ ಹೋದ್ರೆ ಹತ್ತು ನಿಮಿಷ."

"ಮುಂದ ಹೋಗಿ ಸುತ್ತು ಹಾಕಿ ಬಂದ್ರ?"

"ಒಂದೂವರೆ ಗಂಟೆ ಆಗಬಹುದು."

ಅವನು ಅವಳ ಕೈ ಬಿಡದೆ ಎದ್ದು ನಿಂತ.

"ಸುತ್ತು ಹಾಕೂಣೇನು ಕುಮುದಾ?"

"ಹಾಕೋಣ," ಎಂದಳು ಅವಳು. "ನಿಧಾನಕ್ಕೆ ನಡಿ."